ಮಾತ್ರೆಯ ಹೊತ್ತು ತಪ್ಪದಿರಲಿ

ಮನೆಯ ಹಿರಿಯರ ಕೈ ಸುಮ್ಮನೆ ಕೂತಾಗಲೂ ನಡುಗುತ್ತಿದ್ದರೆ, ಅಂಗಿಯ ಗುಂಡಿ ಹಾಕಲು ತಡವರಿಸುತ್ತಿದ್ದರೆ ‘ವಯಸ್ಸಾಯ್ತು’ ಎಂದು ಬಿಟ್ಟುಬಿಡಬೇಡಿ. ಅದು ಪಾರ್ಕಿನ್ಸನ್ ಕಾಯಿಲೆ ಇರಬಹುದು. ನರರೋಗ ತಜ್ಞರಿಗೆ ತೋರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ಚಲನೆಯ ತೊಂದರೆಗಳನ್ನೇ ನೋಡುವ ತಜ್ಞರಿದ್ದಾರೆ.

ವೈದ್ಯರು ಈ ಕಾಯಿಲೆಗೆ ಲೆವೊಡೋಪಾ ಎಂಬ ಔಷಧದ ಮಾತ್ರೆ ಬರೆದುಕೊಟ್ಟರೆ ಹೇಳಿದ ಹೊತ್ತಿಗೇ ಕೊಡಿ. ಬೇಳೆ, ಮೊಟ್ಟೆ, ಹಾಲಿನ ಪ್ರೋಟೀನ್ ಆ ಮಾತ್ರೆ ಮೈಗೆ ಹತ್ತುವುದನ್ನು ತಡೆಯಬಹುದು. ಊಟಕ್ಕೆ ಅರ್ಧ ಗಂಟೆ ಮೊದಲು ಕೊಡಬಹುದೇ ಎಂದು ವೈದ್ಯರನ್ನು ಕೇಳಿ. ಹಾಗೆಂದು ಬೇಳೆಯನ್ನೇ ಬಿಡಿಸಬೇಡಿ, ಪಾಪ, ಮೊದಲೇ ಸೊರಗಿರುತ್ತಾರೆ. ಮಾತ್ರೆಯ ಪ್ರಭಾವ ಇಳಿದಾಗ ಹೇಗಿರುತ್ತಾರೆಂದು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ. ವೈದ್ಯರ ಮುಂದೆ ಆ ಸ್ಥಿತಿ ಕಾಣಿಸದೇ ಹೋಗಬಹುದು. ನಸುಗುನ್ನಿ ಬೀಜದಲ್ಲೂ ಲೆವೊಡೋಪಾ ಇದೆ, ನಿಜ. ವೈದ್ಯರಿಗೆ ತಿಳಿಸದೆ ಅದರ ಪುಡಿ ಕೊಡಬೇಡಿ. ಮಾತ್ರೆಯನ್ನಂತೂ ಒಮ್ಮೆಲೇ ನಿಲ್ಲಿಸಲೇಬೇಡಿ, ಜೀವಕ್ಕೇ ಅಪಾಯ.