ಕಚೇರಿಯ ವೇಳೆ ಮತ್ತು ನೌಕರರ ಆರೋಗ್ಯ

ವರ್ತಕ ನಗರದಿಂದ ಮುಂಬಯಿಯ ಕಚೇರಿಗಳಿಗೆ ಹೋಗುವ ನಮ್ಮವರ ದುಡಿಮೆಯ ದಿನ ಠಾಣೆ ನಿಲ್ದಾಣದ ಬಸ್ಸಿನ ಸಾಲಿನಲ್ಲಿಯೇ ಆರಂಭವಾಗುತ್ತದೆ. ಅಲ್ಲಿಂದ ಬೋರಿಬಂದರಿಗೆ ಮತ್ತೆ 34 ಕಿಲೋಮೀಟರು. 1853ರಲ್ಲಿ ಭಾರತದ ಮೊದಲ ಪ್ರಯಾಣಿಕರ ರೈಲು ಓಡಿದ ದಾರಿಯೇ ಇದು. ಡೊಂಬಿವಲಿ, ಕಲ್ಯಾಣದ ಬಂಧುಗಳ ಪಾಡು ಇನ್ನೂ ಕಠಿಣ. 2025ರ ಜೂನ್ 9ರ ಬೆಳಿಗ್ಗೆ ಮುಂಬ್ರಾ ಬಳಿ ಕಿಕ್ಕಿರಿದ ಗಾಡಿಗಳ ಬಾಗಿಲಲ್ಲಿ ಜೋತುಬಿದ್ದಿದ್ದವರು ಕೆಳಗುರುಳಿದರು, ಕೆಲವರು ಅಸುನೀಗಿದರು.

ನೌಕರನೇ ಬರುವ ಹೋಗುವ ವೇಳೆಯನ್ನು ಆರಿಸಿಕೊಳ್ಳುವ ಪದ್ಧತಿ ಹುಟ್ಟಿದ್ದೂ ಇಂಥ ನೂಕುನುಗ್ಗಲಿನಿಂದಲೇ. 1967ರಲ್ಲಿ ಮ್ಯೂನಿಕ್ ಬಳಿಯ ವಿಮಾನ ಸಂಸ್ಥೆಯೊಂದು, ಸಿಬ್ಬಂದಿಯೆಲ್ಲ ಒಮ್ಮೆಗೇ ಬಂದು ದಾರಿ ಕಟ್ಟುತ್ತಿದ್ದುದನ್ನು ಕಂಡು ಇದನ್ನು ಜಾರಿಗೆ ತಂದಿತು. ನಡುಹಗಲಿನ ಕೆಲವು ಗಂಟೆ ಮಾತ್ರ ಎಲ್ಲರೂ ಹಾಜರಿರಬೇಕಿತ್ತು. ನಮ್ಮ ಮಧ್ಯ ರೈಲ್ವೆಯೂ 2023ರ ನವೆಂಬರಿನಲ್ಲಿ ತನ್ನ ಮುಂಬಯಿ ವಿಭಾಗೀಯ ಕಚೇರಿಯ ಕೆಲಸವನ್ನು 9.30 ಹಾಗೂ 11.30ಕ್ಕೆ ಆರಂಭವಾಗುವ ಎರಡು ಪಾಳಿಗಳಾಗಿ ವಿಂಗಡಿಸಿ, ಅನ್ಯ ಸಂಸ್ಥೆಗಳೂ ವೇಳೆ ಬದಲಿಸಲೆಂದು ಪತ್ರ ಬರೆಯಿತು. ರೈಲು ಓಡಿಸುವವರೇ ಹೀಗೆ ಕೇಳಿಕೊಂಡರೆ ಉಳಿದವರ ಹಿಂಜರಿಕೆಗೆ ಅರ್ಥವಿಲ್ಲ.

ವಯಸ್ಕರಿಗೆ ನಿತ್ಯ ಕನಿಷ್ಠ 7 ಗಂಟೆಯ ನಿದ್ರೆ ಅವಶ್ಯ. ಬಹುಕಾಲದ ನಿದ್ರಾಹೀನತೆಯಿಂದ ರಕ್ತದೊತ್ತಡ, ಮಧುಮೇಹಗಳ ಸಂಭವ ಹೆಚ್ಚುತ್ತದೆ. (ನಸುಕಿನಲ್ಲೆದ್ದು ಡಬ್ಬಿ ಕಟ್ಟುವ ಗೃಹಿಣಿಯ ನಿದ್ರೆಯನ್ನು ಯಾವ ಕಚೇರಿ ಲೆಕ್ಕವಿಟ್ಟಿದೆ?) ಆದರೆ ಆಯ್ಕೆ ನೌಕರನದಾಗಿರಬೇಕು. ಮೇಲಧಿಕಾರಿ ತನಗೆ ಬೇಕಾದಂತೆ ವಾರವಾರವೂ ಪಾಳಿ ಬದಲಿಸಿದರೆ ದೇಹದ ಲಯ ಕೆಡುವುದೇ ಹೊರತು ಸುಧಾರಿಸದು. ಹೋಟೆಲುಗಳಲ್ಲಿ ದುಡಿಯುವ ನಮ್ಮವರಿಗೆ ಈ ಆಯ್ಕೆ ದುರ್ಲಭ. ಅವರು ಬದಲಾಗದ ಪಾಳಿಯನ್ನಾದರೂ ಕೇಳಿಕೊಳ್ಳಬಹುದು. ಅವಕಾಶವುಳ್ಳವರು ಒಂದೇ ವೇಳೆಯನ್ನು ಗೊತ್ತುಮಾಡಿಕೊಂಡು, ರಜಾದಿನದಲ್ಲಿಯೂ ಅದೇ ಹೊತ್ತಿಗೆ ಮಲಗಿ ಏಳುವುದು ಒಳಿತು.