ಎರಡು ವಿದ್ಯೆಗೆ ಎರಡು ಗುರು

ಮಗಳೇ, ಹೋದ ವಾರ ಫೋನಿನಲ್ಲಿ ನೀನು ಒಂದೇ ಉಸಿರಿಗೆ ಹೇಳಿದೆ: "ಮಾಮ, ಪವರ್ಡ್ ಪ್ಯಾರಾಚೂಟ್ ಹಾರಿಸೋದು ಕಲೀತೀನಿ. ಆಮೇಲೆ ಅದರಿಂದಲೇ ಸ್ಕೈಡೈವ್ ಮಾಡ್ತೀನಿ. ಈ ಬೇಸಿಗೆಯಲ್ಲೇ ಎರಡೂ ಮುಗಿಸಿಬಿಡ್ತೀನಿ." ನಾನು ಬೇಡ ಅನ್ನಲಿಲ್ಲ. ಇಲಿನಾಯ್ ಬಯಲಿನ ಮುಸುಕಿನ ಜೋಳದ ಹೊಲಗಳ ಮೇಲೆ ವರ್ಷಗಟ್ಟಲೆ ಅದೇ ಪವರ್ಡ್ ಪ್ಯಾರಾಚೂಟಿನಲ್ಲಿ, ಬಟ್ಟೆಯ ರೆಕ್ಕೆಯ ಕೆಳಗೆ ತೂಗುವ ಎಂಜಿನ್ನಿನ ಮೂರು ಗಾಲಿಯ ಬಂಡಿಯಲ್ಲಿ, ಹಾರಿದವನು ಯಾವ ಬಾಯಲ್ಲಿ ಬೇಡ ಅನ್ನಲಿ? ಆದರೆ "ಮುಗಿಸಿಬಿಡ್ತೀನಿ" ಅಂದೆಯಲ್ಲ, ಆ ಮಾತು ಮನಸ್ಸಿನಲ್ಲಿ ಕೊರೆಯುತ್ತಲೇ ಇದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ನಿನ್ನಂಥದೇ ಆಸೆ ಇಟ್ಟುಕೊಂಡ ಬೇರೆ ಮಕ್ಕಳಿದ್ದರೆ ಅವರಿಗೂ ಓದಲು ಕೊಡು.

ಮೊದಲು ಒಂದು ಭ್ರಮೆ ಕಳೆಯಬೇಕು. ಎರಡಕ್ಕೂ ಪ್ಯಾರಾಚೂಟ್ ಎಂಬ ಹೆಸರಿರುವುದರಿಂದ ಒಂದು ಬಂದರೆ ಇನ್ನೊಂದು ತಾನಾಗಿ ಬರುತ್ತದೆ ಅಂತ ಅನಿಸುತ್ತದೆ. ಬಟ್ಟೆ ಒಂದೇ ಬಗೆಯದು, ನಿಜ. ಆದರೆ ಕೆಲಸದ ಕ್ರಮ ತಿರುವುಮುರುವು. ಪವರ್ಡ್ ಪ್ಯಾರಾಚೂಟಿನಲ್ಲಿ ರೆಕ್ಕೆ ನೆಲದ ಮೇಲೇ ತೆರೆದುಕೊಳ್ಳುತ್ತದೆ. ಕತ್ತೆತ್ತಿ ನೋಡಿ, ಸರಿ ಇದೆ ಅಂತ ಖಾತ್ರಿಯಾದ ಮೇಲೆ ನೀನು ನೆಲ ಬಿಡುತ್ತೀಯ. ಸ್ಕೈಡೈವಿಂಗಿನಲ್ಲಿ ಮೊದಲು ಹಾರುತ್ತೀಯ, ಆಮೇಲೆ ರೆಕ್ಕೆ ತೆರೆಯಬೇಕು. ಮೊದಲನೆಯದರಲ್ಲಿ ತಪ್ಪು ಕಂಡರೆ ಎಂಜಿನ್ ನಿಲ್ಲಿಸಿ ಕೆಳಗಿಳಿದು ನಡೆದು ಹೋಗಬಹುದು. ಎರಡನೆಯದರಲ್ಲಿ ತಪ್ಪು ಕಾಣುವ ಹೊತ್ತಿಗೆ ನೀನು ಗಾಳಿಯಲ್ಲಿರುತ್ತೀಯ, ಕೈಯಲ್ಲಿ ಇರುವುದು ಕೆಲವೇ ಸೆಕೆಂಡು. ಹಾಗಾಗಿ ಇವು ಎರಡು ಬೇರೆ ವಿದ್ಯೆ. ಎರಡಕ್ಕೂ ಬೇರೆ ಬೇರೆ ಗುರು ಬೇಕು, ಬೇರೆ ಬೇರೆ ಕಾಲ ಬೇಕು.

ಈ ಬಂಡಿಯ ಹುಟ್ಟಿನಲ್ಲಿ ಎರಡೂ ವಿದ್ಯೆ ಕೂಡಿಕೊಂಡಿದ್ದವು ಎನ್ನುವುದೂ ನಿನಗೆ ಗೊತ್ತಿರಲಿ. ಗಾಳಿ ತುಂಬಿಕೊಂಡು ರೆಕ್ಕೆಯ ಆಕಾರ ತಾಳುವ ಕೋಶಗಳ ಪ್ಯಾರಾಚೂಟನ್ನು ರೂಪಿಸಿದವನು ಗಾಳಿಪಟ ಮಾಡುತ್ತಿದ್ದ ಡೊಮಿನಾ ಜಾಲ್ಬರ್ಟ್. ಪೇಟೆಂಟಿಗೆ ಅರ್ಜಿ ಹಾಕಿದ್ದು 1964ರಲ್ಲಿ. ಅದಕ್ಕೆ ಎಂಜಿನ್ ಸೇರಿಸಿ ಲೋವೆಲ್ ಫ್ಯಾರಂಡ್ 1968ರಲ್ಲಿ ಹಾರಿದ. 1981ರಲ್ಲಿ ಸ್ಟೀವ್ ಸ್ನೈಡರ್ ಮತ್ತು ಜತೆಗಾರರು ಇವತ್ತಿನ ಬಂಡಿಯ ಮೂಲರೂಪ ಕಟ್ಟಿದರು. ಆ ಸ್ನೈಡರ್ ಅದಕ್ಕೂ ಮೊದಲೇ ಸ್ಕೈಡೈವಿಂಗ್ ಲೋಕದಲ್ಲಿ ಹೆಸರಾದವನು. ಹಾರಿದವನಿಗೆ ಎಚ್ಚರ ತಪ್ಪಿದರೂ ಪ್ಯಾರಾಚೂಟ್ ತಾನಾಗಿ ತೆರೆಯುವಂಥ ಸಾಧನಗಳನ್ನು ತಯಾರಿಸಿದವನು. ಧುಮುಕುವ ವಿದ್ಯೆಯನ್ನು ಅರೆದು ಕುಡಿದ ಮೇಲೆ ಅವನು ಬಂಡಿಗೆ ಕೈ ಹಾಕಿದ.

ಈಗ ಬಂಡಿಯ ಪಾಠಕ್ಕೆ ಬರೋಣ. ಹಾರಿಸುವುದು ಸುಲಭ, ಅದೇ ಇದರ ಅಪಾಯ. ಥ್ರಾಟಲ್ ಹೆಚ್ಚಿಸಿದರೆ ಏರುತ್ತದೆ, ತಗ್ಗಿಸಿದರೆ ಇಳಿಯುತ್ತದೆ, ವೇಗ ಮಾತ್ರ ಗಂಟೆಗೆ ಹೆಚ್ಚುಕಡಿಮೆ 30 ಮೈಲಿಯಲ್ಲೇ ಇರುತ್ತದೆ. ಬಲಗಾಲು ಒತ್ತಿದರೆ ಬಲಕ್ಕೆ, ಎಡಗಾಲು ಒತ್ತಿದರೆ ಎಡಕ್ಕೆ. ಇಷ್ಟೇ ತಾನೇ ಅಂತ ಅನಿಸಿಬಿಡುತ್ತದೆ. ಅಮೆರಿಕದಲ್ಲಿ ಒಂಟಿ ಸೀಟಿನ, 254 ಪೌಂಡಿಗಿಂತ ಹಗುರವಾದ ಯಂತ್ರಕ್ಕೆ ಲೈಸೆನ್ಸೇ ಬೇಕಿಲ್ಲ. ಇದನ್ನು ಸ್ವಾತಂತ್ರ್ಯ ಅಂತ ತಿಳಿದು ಯಾರದೋ ಹಳೆಯ ಬಂಡಿ ಕೊಂಡು ವಿಡಿಯೊ ನೋಡಿ ಹಾರಲು ಹೊರಡಬೇಡ. ಎರಡು ಸೀಟಿನ ಬಂಡಿಯಲ್ಲಿ, ಅಧಿಕೃತ ಗುರುವಿನ ಜತೆ, ಸ್ಪೋರ್ಟ್ ಪೈಲಟ್ ಎಂಬ ಲೈಸೆನ್ಸಿನ ಪಾಠವನ್ನೇ ಕಲಿ. ಅದಕ್ಕೆ ಕನಿಷ್ಠ 12 ಗಂಟೆ ಹಾರಾಟ ಬೇಕು: 10 ಗಂಟೆ ಗುರುವಿನ ಜತೆ, 2 ಗಂಟೆ ಒಬ್ಬಳೇ. ಪೂರ್ತಿ ನಿಂತು ಮತ್ತೆ ಏರುವಂತೆ 20 ಸಲ ಏರಿಳಿಯಬೇಕು, ಆಮೇಲೆ ಒಬ್ಬಳೇ 10 ಸಲ. ಇದು ಕನಿಷ್ಠ. ನನಗೆ ಇದರ ಎರಡರಷ್ಟು ಹಿಡಿಯಿತು, ಅದರಿಂದ ನಷ್ಟವೇನೂ ಆಗಲಿಲ್ಲ.

ಕಲಿಕೆಯ ತಿರುಳು ಇರುವುದು ನೆಲದ ಮೇಲೆ. ಬೆಳಗಿನ ಜಾವ ಹುಲ್ಲಿನ ಮೇಲೆ ರೆಕ್ಕೆ ಹಾಸುತ್ತೀಯ. ಇಬ್ಬನಿ ಕೂತಿದ್ದರೆ ಬಟ್ಟೆ ತೂಕವಾಗುತ್ತದೆ, ಕೋಶಗಳ ಬಾಯಿ ಅಂಟಿಕೊಳ್ಳುತ್ತದೆ. ಹುಲ್ಲು ಒಣಗುವ ತನಕ ಕಾಯಬೇಕು. ಎಡದ ದಾರಗಳ ಕಟ್ಟು, ಬಲದ ದಾರಗಳ ಕಟ್ಟು, ಎರಡನ್ನೂ ಬೆರಳಲ್ಲಿ ಸವರುತ್ತಾ ಬಂಡಿಯಿಂದ ಬಟ್ಟೆಯವರೆಗೆ ನಡೆಯಬೇಕು. ಒಂದು ಒಣಕಡ್ಡಿ ಸಿಕ್ಕಿಕೊಂಡಿದ್ದರೂ ಬೆರಳಿಗೆ ಗೊತ್ತಾಗುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ. ಎಂಜಿನ್ ಹಾಕಿ ಓಡಲು ತೊಡಗಿದ ಮೇಲೆ ರೆಕ್ಕೆ ಹಿಂದಿನಿಂದ ಎದ್ದು ತಲೆಯ ಮೇಲೆ ಬರುತ್ತದೆ. ಆಗ ಮೂರು ಸಂಗತಿ ನೋಡಬೇಕು: ದಾರಗಳು ಬಿಡಿಯಾಗಿವೆಯೇ, ಕೋಶಗಳೆಲ್ಲ ತೆರೆದಿವೆಯೇ, ರೆಕ್ಕೆ ನೆತ್ತಿಯ ಮೇಲೆ ನಟ್ಟನಡುವೆ ಇದೆಯೇ. ಮೂರೂ ಸರಿ ಇದ್ದರೆ ಮಾತ್ರ ಪೂರ್ತಿ ಥ್ರಾಟಲ್.

ನಾನು ಕಲಿಯುತ್ತಿದ್ದಾಗ ಒಂದು ಸಂಜೆ ಎಡತುದಿಯ ಎರಡು ಕೋಶ ಮಡಿಚಿಕೊಂಡೇ ಇದ್ದವು. ಕಣ್ಣಿಗೆ ಬಿತ್ತು. ವೇಗ ಬಂದರೆ ಬಿಚ್ಚಿಕೊಳ್ಳುತ್ತವೆ ಅಂದುಕೊಂಡು ಥ್ರಾಟಲ್ ಒತ್ತಿದೆ. ಹಿಂದಿನ ಸೀಟಿನಲ್ಲಿದ್ದ ಗುರು ಕೈ ಚಾಚಿ ಎಂಜಿನ್ನೇ ಆರಿಸಿಬಿಟ್ಟರು. ರೆಕ್ಕೆ ನಿಧಾನವಾಗಿ ಹಿಂದಕ್ಕೆ ಮಲಗಿತು. ಬೈಗುಳ ನಿರೀಕ್ಷಿಸಿದ್ದೆ. ಅವರು, "ಮೂರರಲ್ಲಿ ಎರಡು ಸರಿ ಇದ್ದರೆ ಉತ್ತರ ಇಲ್ಲ ಅಂತ" ಎಂದು ಹೇಳಿ ಬಟ್ಟೆ ಹಾಸಲು ಇಳಿದರು. ಆ ಸಂಜೆ ಮತ್ತೆ ಹಾರಲಿಲ್ಲ. ಬೆಳಕು ಮುಗಿದಿತ್ತು. ನನ್ನ ಹಾರಾಟದ ಪುಸ್ತಕದಲ್ಲಿ ಆ ದಿನದ ಸಾಲು ಖಾಲಿ ಇದೆ. ನಾನು ಅತಿ ಹೆಚ್ಚು ಕಲಿತದ್ದು ಅವತ್ತೇ.

ಇನ್ನು ಗಾಳಿ. ಮೊದಲ ವರ್ಷ ನೆಲದ ಗಾಳಿ ಗಂಟೆಗೆ 10 ಮೈಲಿ ಮುಟ್ಟಿದರೆ ಬಟ್ಟೆಯನ್ನು ಚೀಲದಿಂದ ತೆಗೆಯಲೇ ಬೇಡ. ಲೆಕ್ಕ ಸರಳ: ನಿನ್ನ ವೇಗ 30, ಮೇಲೆ ಎದುರುಗಾಳಿ 20 ಇದ್ದರೆ ಮನೆಯ ಕಡೆ ಬರುವ ವೇಗ 10. ಪೆಟ್ರೋಲ್ ಮುಗಿಯುವ ಹೊತ್ತಿಗೆ ನೀನು ಇನ್ನೂ ಯಾರದೋ ಹೊಲದ ಮೇಲಿರುತ್ತೀಯ. ಮಧ್ಯಾಹ್ನ ಉತ್ತ ನೆಲ ಕಾದು ಬಿಸಿಗಾಳಿ ಮೇಲೇಳುತ್ತದೆ, ರೆಕ್ಕೆಯನ್ನು ಕುಲುಕುತ್ತದೆ. ಸೂರ್ಯ ಹುಟ್ಟಿದ ಮೇಲಿನ ಒಂದೆರಡು ಗಂಟೆ, ಮುಳುಗುವ ಮುಂಚಿನ ಒಂದೆರಡು ಗಂಟೆ, ಇವೇ ನಿನ್ನ ಹೊತ್ತು.

ಕೆಳಮಟ್ಟದಲ್ಲಿ ಹಾರುವಾಗ ವಿದ್ಯುತ್ ತಂತಿ ಕಾಣುವುದಿಲ್ಲ, ಕಂಬ ಕಾಣುತ್ತದೆ. ಎರಡು ಕಂಬ ಕಂಡರೆ ನಡುವೆ ತಂತಿ ಇದೆ ಅಂತಲೇ ತಿಳಿ. ಎಂಜಿನ್ ಯಾವ ಗಳಿಗೆಯಲ್ಲಾದರೂ ನಿಲ್ಲಬಹುದು. ಇಳಿಯಲು ಒಂದು ಬಯಲು ಸದಾ ಕೈಗೆಟುಕುವಷ್ಟು ಹತ್ತಿರ ಇರಲಿ. ನೀರಿನ ಮೇಲೆ, ಕಾಡಿನ ಮೇಲೆ ಆ ಬಯಲು ಇರುವುದಿಲ್ಲ. ಪ್ರೊಪೆಲ್ಲರ್ ನಿನ್ನ ಬೆನ್ನ ಹಿಂದಿದೆ ಎನ್ನುವುದನ್ನೂ ಮರೆಯಬೇಡ. ಕೈಯಿಂದ ಜಾರಿದ ಮೊಬೈಲ್, ಹಾರಿದ ಟೋಪಿ, ಬಿಚ್ಚಿದ ಸ್ಕಾರ್ಫ್ ಎಲ್ಲ ಹೋಗುವುದು ಅಲ್ಲಿಗೇ. ಜೇಬಿಗೆ ಜಿಪ್ ಇರಲಿ, ಕೂದಲು ಹೆಲ್ಮೆಟ್ಟಿನ ಒಳಗಿರಲಿ.

ಎರಡನೆಯ ವಿದ್ಯೆಗೆ ಬೇರೆ ಶಾಲೆ. ಸ್ಕೈಡೈವಿಂಗನ್ನು ಡ್ರಾಪ್ ಜೋನಿನಲ್ಲಿ, ಅಂದರೆ ಧುಮುಕಲೆಂದೇ ಇರುವ ತಾಣದಲ್ಲಿ, ದೊಡ್ಡ ವಿಮಾನದಿಂದಲೇ ಕಲಿ. ಅಮೆರಿಕದ ಪ್ಯಾರಾಚೂಟ್ ಸಂಘದ ಮೊದಲ ಲೈಸೆನ್ಸಿಗೆ 25 ಜಿಗಿತ ಬೇಕು. ಆರಂಭದ ಜಿಗಿತಗಳಲ್ಲಿ ಗುರುಗಳು ನಿನ್ನ ಅಕ್ಕಪಕ್ಕ ಹಿಡಿದುಕೊಂಡೇ ಬೀಳುತ್ತಾರೆ. ನಮ್ಮೂರ ಬಾವಿಯಲ್ಲಿ ಈಜು ಕಲಿಸುವಾಗ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ, ನಿಮ್ಮ ಅಜ್ಜ ತಾವೂ ನೀರಿಗಿಳಿಯುತ್ತಿದ್ದರು. ಬುರುಡೆ ಇದೆಯಲ್ಲ ಅಂತ ಅವರು ಮೆಟ್ಟಿಲ ಮೇಲೆ ನಿಲ್ಲುತ್ತಿರಲಿಲ್ಲ. ಇಲ್ಲೂ ಹಾಗೆ. ಬೆನ್ನ ಮೇಲೆ ರಿಸರ್ವ್ ಪ್ಯಾರಾಚೂಟ್ ಇದೆ, ತಾನಾಗಿ ತೆರೆಯುವ ಸಾಧನವೂ ಇದೆ. ಆದರೂ ಗುರು ಜತೆಗೆ ಬರುತ್ತಾರೆ. 1991ರಲ್ಲಿ ಜರ್ಮನಿಯಿಂದ ಬಂದ ಸೈಪ್ರಸ್ ಎಂಬ ಅಂಥ ಸಾಧನದ ಅನುಭವಿಗಳ ಮಾದರಿ ಕೆಲಸ ಮಾಡುವುದು ನೆಲದಿಂದ ಸುಮಾರು 750 ಅಡಿಯಲ್ಲಿ, ಅದೂ ನೀನು ಗಂಟೆಗೆ ಸುಮಾರು 78 ಮೈಲಿಗಿಂತ ವೇಗವಾಗಿ ಬೀಳುತ್ತಿದ್ದರೆ. ಅದು ಕಟ್ಟಕಡೆಯ ಆಸರೆ. ಕಲಿಯುವವರು 3,000 ಅಡಿಯ ಒಳಗೆ ಬರುವ ಮುಂಚೆ ಪ್ಯಾರಾಚೂಟ್ ತೆರೆದಿರಲೇಬೇಕು. ಆ ಅಡಿ ಲೆಕ್ಕವೇ ನಿನ್ನ ಮೊದಲ ಆಸರೆ. ರಿಸರ್ವನ್ನು ಲೈಸೆನ್ಸ್ ಇರುವ ರಿಗರ್ 180 ದಿನದ ಒಳಗೆ ಮಡಿಸಿರಬೇಕು. ಅದರ ಜತೆಗಿರುವ ಚೀಟಿಯ ಮೇಲಿನ ತಾರೀಖನ್ನು ನೀನೇ ಓದು, ಯಾರ ಮಾತನ್ನೂ ನಂಬಬೇಡ.

ಎರಡೂ ಕೈಗೆ ಕೂತ ಮೇಲೆ, ಅಂದರೆ ಇನ್ನೂ ಕೆಲವು ವರ್ಷಗಳ ನಂತರ, ಬಂಡಿಯಿಂದ ಧುಮುಕುವ ಮಾತು. ಯಾಕೆ ಕೊನೆಗೆ ಅಂತ ಕೇಳುತ್ತೀಯ. ಬಂಡಿಯಲ್ಲಿ ಇರುವುದು ಎರಡೇ ಸೀಟು: ಒಂದರಲ್ಲಿ ಪೈಲಟ್, ಒಂದರಲ್ಲಿ ನೀನು. ಅಕ್ಕಪಕ್ಕ ಹಿಡಿಯುವ ಗುರುವಿಗೆ ಅಲ್ಲಿ ಜಾಗವಿಲ್ಲ. ವಿಮಾನದ ಬಾಗಿಲಲ್ಲಿ ಮೈಗೆ ರಭಸದ ಗಾಳಿ ಸಿಗುತ್ತದೆ, ಕೈಕಾಲು ಚಾಚಿದರೆ ದೇಹ ಮಾತು ಕೇಳುತ್ತದೆ. 30 ಮೈಲಿ ವೇಗದ ಬಂಡಿಯಿಂದ ಬಿಟ್ಟ ಮೊದಲ ಕೆಲವು ಸೆಕೆಂಡು ಆ ಗಾಳಿ ಇರುವುದಿಲ್ಲ. ಅನುಭವ ಇಲ್ಲದವರು ಗಾಬರಿಯಾಗಿ ಒದ್ದಾಡಿ ತಿರುಗಿಬಿಡುತ್ತಾರೆ. ವೇಗ ಕೂಡಿಬರುವ ತನಕ ಸುಮ್ಮನೆ ಕಮಾನಾಗಿ ಇರುವುದನ್ನು ದೇಹ ಮೊದಲೇ ಕಲಿತಿರಬೇಕು.

ಎಲ್ಲಕ್ಕಿಂತ ದೊಡ್ಡ ಭಯ ಬೆನ್ನ ಮೇಲಿನ ಪ್ಯಾರಾಚೂಟ್ ಚೀಲವನ್ನು ಮುಚ್ಚಿಡುವ ಪಿನ್ನಿನದು. ಪ್ಯಾರಾಚೂಟ್ ಹೊತ್ತು ಇಕ್ಕಟ್ಟಿನ ಸೀಟಿನಲ್ಲಿ ಕೂತು ಮಿಸುಕಾಡಿದರೆ ಪಿನ್ನು ಸೀಟಿಗೆ ಉಜ್ಜಿ ಜಾರಬಹುದು. ಹಾಗೆ ಜಾರಿ ಬಟ್ಟೆ ಹೊರಬಂದರೆ ಅದು ಹಿಂದಿನ ಪ್ರೊಪೆಲ್ಲರಿಗೆ, ಇಲ್ಲವೇ ಮೇಲಿನ ರೆಕ್ಕೆಯ ದಾರಗಳಿಗೆ ಸುತ್ತಿಕೊಳ್ಳುತ್ತದೆ. ಒಬ್ಬರ ತಪ್ಪಿಗೆ ಇಬ್ಬರ ಜೀವ. ನೆಲದ ಮೇಲೆ ಪಿನ್ ಪರೀಕ್ಷೆ, ಏರುವಾಗ ಹಿಡಿಗಳ ಮೇಲೆ ಕೈ, ಬಿಡುವ ಮುಂಚೆ ಮತ್ತೊಮ್ಮೆ ಮುಟ್ಟಿ ನೋಡುವುದು, ಇವು ತಪ್ಪಕೂಡದು.

ಪೈಲಟ್ ಸೀಟಿನಲ್ಲಿ ನೀನೇ ಇದ್ದರೂ ಪಾಠ ಕಡಿಮೆಯಲ್ಲ. ಹಿಂದಿನ ಸೀಟಿನ ಎಪ್ಪತ್ತು ಎಂಬತ್ತು ಕಿಲೋ ತೂಕ ಒಂದೇ ಕ್ಷಣದಲ್ಲಿ ಇಲ್ಲವಾಗುತ್ತದೆ. ಬಂಡಿ ತೂಗುಯ್ಯಾಲೆಯಂತೆ ಆಡುತ್ತದೆ, ರೆಕ್ಕೆ ಹಗುರಾಗುತ್ತದೆ. ಬಿಡುವ ಮುಂಚೆ ಎಂಜಿನ್ ಪೂರ್ತಿ ತಗ್ಗಿಸಿರಬೇಕು, ಆಮೇಲೆ ಥ್ರಾಟಲನ್ನು ನಿಧಾನಕ್ಕೆ ಸೇರಿಸಬೇಕು. ಯಾವಾಗ ಬಿಡುವುದು, ಯಾವ ಕಡೆಯಿಂದ ಇಳಿಯುವುದು, ಯಾವ ಸನ್ನೆಗೆ ರದ್ದು ಮಾಡುವುದು, ಇವನ್ನೆಲ್ಲ ನೆಲದ ಮೇಲೆ ನಿಂತ ಬಂಡಿಯಲ್ಲೇ ಇಬ್ಬರೂ ಹತ್ತಾರು ಸಲ ಆಡಿ ನೋಡಿರಬೇಕು. ಕಾನೂನೂ ಇಬ್ಬರನ್ನೂ ಹೊಣೆ ಮಾಡುತ್ತದೆ. ಸ್ಪೋರ್ಟ್ ಪೈಲಟ್ ಹಣ ತೆಗೆದುಕೊಂಡು ಯಾರನ್ನೂ ಹೊತ್ತೊಯ್ಯುವಂತಿಲ್ಲ. ದುಡ್ಡು ಕೊಡು, ಬಂಡಿಯಿಂದ ಧುಮುಕಿಸುತ್ತೇನೆ ಅಂತ ಯಾರಾದರೂ ಕರೆದರೆ ಅಲ್ಲಿಂದ ಹೊರಟುಬಿಡು.

ಊರಿಗೆ ಬಂದಾಗಲೂ ಈ ಎಚ್ಚರ ಬಿಡಬೇಡ. 2020ರ ಅಕ್ಟೋಬರಿನಲ್ಲಿ ಕಾರವಾರದ ಕಡಲತೀರದಲ್ಲಿ ಮೋಟಾರ್ ಪ್ಯಾರಾಗ್ಲೈಡರ್ ಸಮುದ್ರಕ್ಕೆ ಬಿದ್ದು, ಅದರಲ್ಲಿ ಕೂತಿದ್ದ ನೌಕಾಪಡೆಯ ಅಧಿಕಾರಿಯೊಬ್ಬರು ತೀರಿಕೊಂಡರು. ನೀರು ಬಲ್ಲ ಮನುಷ್ಯ, ತೀರದ ಹತ್ತಿರದಲ್ಲೇ ಹೋದರು. ನೀರಿಗೆ ಬಿದ್ದಾಗ ಬೆಲ್ಟು, ದಾರ, ನೆನೆದ ಬಟ್ಟೆ ಮನುಷ್ಯನನ್ನು ಎಷ್ಟು ಬೇಗ ಕಟ್ಟಿಹಾಕುತ್ತವೆ ಎನ್ನುವುದು ಹಾರುವವರಿಗೆಲ್ಲ ಗೊತ್ತಿರಬೇಕಾದ ಸಂಗತಿ. ಕಡಲತೀರದಲ್ಲಿ ಹತ್ತು ನಿಮಿಷದ ಸವಾರಿಯಾದರೂ ಸರಿ, ಪೈಲಟ್‌ನ ಅನುಮತಿಪತ್ರ ಕೇಳು, ಲೈಫ್ ಜಾಕೆಟ್ ಕೇಳು, ಬೆಲ್ಟನ್ನು ನೀನೇ ಬಿಚ್ಚಿ ಹಾಕಿ ನೋಡು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರಲ್ಲ, ನಿನ್ನನ್ನು ಇಷ್ಟು ದೊಡ್ಡವಳನ್ನಾಗಿ ಮಾಡಲು ನಿಮ್ಮಮ್ಮನಿಗೆ ಹಿಡಿದ ವರ್ಷಗಳನ್ನು ಒಮ್ಮೆ ನೆನೆದುಕೋ. ನಿನ್ನ ಆಸೆಗೆ ನಾನು ಅಡ್ಡಿಯಲ್ಲ. ಬೆಳಗಿನ ಬೆಳಕಿನಲ್ಲಿ 500 ಅಡಿ ಮೇಲಿನಿಂದ ಜೋಳದ ಸಾಲುಗಳ ನಡುವೆ ಜಿಂಕೆ ನಡೆಯುವುದನ್ನು ನೀನೂ ನೋಡಬೇಕು. ಅದನ್ನು ನೋಡಲು ಧುಮುಕುವ ಅಗತ್ಯ ಇಲ್ಲ.

ಈ ಬೇಸಿಗೆಗೆ ಒಂದೇ ವಿದ್ಯೆ ಸಾಕು. ಒಬ್ಬಳೇ ಹತ್ತನೆಯ ಸಲ ಇಳಿದ ದಿನ ನನಗೆ ಫೋನು ಮಾಡು. ಮುಂದಿನದನ್ನು ಅವತ್ತು ಮಾತಾಡೋಣ.