ಅವರು ಸುಟ್ಟದ್ದು ಏನನ್ನು?

ಇತಿಹಾಸ ಓದುವ ಮಕ್ಕಳೇ, ಗೆರಿಲ್ಲಾ ಯುದ್ಧ ಅಂದ ಕೂಡಲೇ ನಿಮ್ಮ ಮನಸ್ಸು ಕಾಡು, ಕಣಿವೆ, ರಾತ್ರಿ ದಾಳಿಗಳ ಕಡೆ ಓಡುತ್ತದೆ. ಓಡಲಿ, ತಪ್ಪಿಲ್ಲ. ಆದರೆ ಬಂಡೆದ್ದವರು ಹೇಗೆ ಹೊಡೆದರು ಎಂದು ಕೇಳುವ ಮೊದಲು ಏನನ್ನು ಹೊಡೆದರು ಎಂದು ನೋಡಿ. ಅವರ ಸಂಕಟ ಏನೆಂಬುದು ಅಲ್ಲೇ ಗೊತ್ತಾಗುತ್ತದೆ.

ಕಿತ್ತೂರು ಸಂಸ್ಥಾನದ ಬಂಟ ಸಂಗೊಳ್ಳಿ ರಾಯಣ್ಣನನ್ನೇ ತೆಗೆದುಕೊಳ್ಳಿ. 1824ರ ಕೊನೆಗೆ ಕಿತ್ತೂರು ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಿತ್ತು. 1829ರಲ್ಲಿ ಬೈಲಹೊಂಗಲದ ಸೆರೆಯಲ್ಲೇ ಕಿತ್ತೂರಿನ ರಾಣಿ ಚೆನ್ನಮ್ಮ ತೀರಿಕೊಂಡರು. ರಾಯಣ್ಣನ ಮನೆತನದ ಮಾನ್ಯದ ಹೊಲವನ್ನು ಕಂಪನಿ ಸರ್ಕಾರ ಕಿತ್ತುಕೊಂಡಿತು. ಉಳಿದ ಹೊಲಕ್ಕೆ ಕಂದಾಯ ಏರಿಸಿತು. ಬಾಕಿ ಕಟ್ಟಲಿಲ್ಲವೆಂದು ಕುಲಕರ್ಣಿ ಅವನ ತಾಯಿ ಕೆಂಚಮ್ಮನ ಬೆನ್ನ ಮೇಲೆ ಕಲ್ಲು ಹೊರಿಸಿದನೆಂದು ಆ ಸೀಮೆಯ ಜನ ಇಂದಿಗೂ ಹೇಳುತ್ತಾರೆ. ಮುಂದೆ ಅವನ ದಂಡು ಬೀಡಿ ಎಂಬ ಊರಿನ ಸರ್ಕಾರಿ ಕಚೇರಿಗೆ ಬೆಂಕಿಯಿಟ್ಟಿತು, ದಫ್ತರ ಸುಟ್ಟಿತು, ಖಜಾನೆ ಲೂಟಿ ಮಾಡಿತು. ಯಾವ ಹೊಲ ಯಾರದು, ಯಾರ ಬಾಕಿ ಎಷ್ಟು ಎಂದು ಬರೆದಿಟ್ಟ ಕಾಗದಗಳು ಇಂಥ ಕಚೇರಿಗಳಲ್ಲೇ ಇದ್ದವು. ಇತ್ತ ಕಿತ್ತೂರು ಅರಸುಮನೆತನದ ದತ್ತುಪುತ್ರ ಶಿವಲಿಂಗಪ್ಪನನ್ನು ಗದ್ದುಗೆಗೆ ಕೂರಿಸುವ ಹಟವೂ ಅವನಿಗಿತ್ತು. ಸಂಸ್ಥಾನದ ಮೇಲಿನ ನಿಷ್ಠೆ, ಹೋದ ಹೊಲ, ತಾಯಿಗಾದ ಅವಮಾನ ಎಲ್ಲವೂ ಒಂದೇ ಎದೆಯಲ್ಲಿದ್ದವು. ಇದರಲ್ಲಿ ಯಾವುದು ನಿಜವಾದ ಕಾರಣ ಎಂದು ತಕ್ಕಡಿ ಹಿಡಿದು ಕೂರಬೇಡಿ.

1857ರಲ್ಲಿ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಬಂಡೆದ್ದ ಕಾರಣ ಬೇರೆ. ಆಯುಧ ಒಪ್ಪಿಸಿ ಎಂದಿತು ಸರ್ಕಾರ. ಅವರಿಗೆ ಬೇಟೆಯೂ ಕಾವಲೂ ಮಾನವೂ ಆ ಆಯುಧದಲ್ಲೇ ಇತ್ತು. ಕೊಡುವುದಿಲ್ಲ ಎಂದರು. ಸರ್ಕಾರದ ಸೈನ್ಯ ಊರಿಗೆ ಬೆಂಕಿಯಿಟ್ಟಿತು, ಹಲವರು ಗಲ್ಲಿಗೇರಿದರು. ಅದೇ ವರ್ಷ ಉತ್ತರದಲ್ಲಿ ಸಿಪಾಯಿ ದಂಗೆ ಎದ್ದಿತ್ತು ನಿಜ; ಆದರೆ ದಿಲ್ಲಿಯ ಗದ್ದುಗೆಯಲ್ಲಿ ಯಾರು ಕೂರುತ್ತಾರೆ ಎಂಬುದಕ್ಕಾಗಿ ಹಲಗಲಿಯವರು ಸತ್ತರೆಂದು ನನಗನ್ನಿಸುವುದಿಲ್ಲ.

ಇನ್ನು, ಯುದ್ಧದ ವರಸೆ ಒಂದೇ ಆದ ಮಾತ್ರಕ್ಕೆ ಉದ್ದೇಶವೂ ಒಂದೇ ಅಲ್ಲ. ಅಹಮದ್‌ನಗರ ಸುಲ್ತಾನರ ಸೇನಾಪತಿ ಮಲಿಕ್ ಅಂಬರ್ ಮರಾಠಾ ಸವಾರರನ್ನು ಕಟ್ಟಿಕೊಂಡು ಮೊಘಲ್ ಸೇನೆಯನ್ನು ಹೀಗೇ ಕಾಡಿದ್ದು ರಾಜ್ಯ ಉಳಿಸಿಕೊಳ್ಳಲು. 1808ರಿಂದ ನೆಪೋಲಿಯನ್ನನ ಸೈನ್ಯದ ಮೇಲೆ ಬಿದ್ದ ಸ್ಪೇನಿನ ಗುಂಪುಗಳಲ್ಲಿ ರಾಜಭಕ್ತರಿದ್ದರು, ಧರ್ಮಕ್ಕಾಗಿ ಬಂದವರಿದ್ದರು, ಮನೆಯ ಕಾಳು ಫ್ರೆಂಚರ ಪಾಲಾಯಿತೆಂದು ಸಿಡಿದೆದ್ದ ರೈತರಿದ್ದರು, ಬರೀ ದರೋಡೆಕೋರರೂ ಇದ್ದರು. ಅವರನ್ನೂ ಮರೆಮಾಚಬೇಡಿ. ಇಂಥ ಯುದ್ಧದಲ್ಲಿ ಬಂಡುಕೋರರಿಗೆ ಅನ್ನ ಹಾಕಿದ ಹಳ್ಳಿಗಳೇ ಸೈನ್ಯದ ಸೇಡಿಗೂ ಸಿಕ್ಕವು. ಆ ಹಳ್ಳಿಗಳ ನೋವನ್ನು ಬಿಟ್ಟು ವೀರಗಾಥೆ ಮಾತ್ರ ಓದಿದರೆ ಅರ್ಧ ಇತಿಹಾಸ ಓದಿದ ಹಾಗೆ.

ರಾಯಣ್ಣನನ್ನು 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದರು. ಅವನನ್ನು ಹಿಡಿದವರ ದೃಷ್ಟಿಯಲ್ಲಿ ಅವನು ದಂಗೆಕೋರ; ಲಾವಣಿ ಹಾಡಿದವರಿಗೆ ವೀರ. ನೀವು ಎರಡನ್ನೂ ಓದಿ. ಓದಿದ ಮೇಲೆ, ದಂಗೆಗೆ ಹಿಂದಿನ ನಾಲ್ಕೈದು ವರ್ಷಗಳ ಕಂದಾಯದ ಲೆಕ್ಕ ಎಲ್ಲಾದರೂ ಸಿಕ್ಕೀತೇ ಎಂದು ಹುಡುಕಿ.